ಡೊಮೇನ್ ತೆಗೊಳ್ಳುವ ಮೊದ್ಲು ಉಪ್ಪಳದ ಅಕ್ಕನಿಗೊಂದು ಫೋನ್ ಮಾಡಿ

ಡೊಮೇನ್ ಅಂದ್ರೆ ವೆಬ್‌ಸೈಟಿನ ವಿಳಾಸದ ಹೆಸ್ರು, ಅದನ್ನು ತೆಗೊಂಡಿಟ್ಟು ಬೇಕಾದವರಿಗೆ ಮಾರುವ ವ್ಯಾಪಾರ ಉಂಟು. ತೆಗೊಳ್ಳುದು ದೊಡ್ಡ ಕೆಲ್ಸ ಎಂತ ಅಲ್ಲ, ಬದಿಯಡ್ಕ ಪೇಟೆಲಿ ಬಸ್ಸಿಗೆ ಕಾಯ್ತಾ ಇರುವಾಗ ಮೊಬೈಲಲ್ಲೇ ಐದು ನಿಮಿಷದಲ್ಲಿ ಆಗ್ತದೆ, ಕಷ್ಟ ಇರುದು ಅದನ್ನು ಮಾರುದರಲ್ಲಿ. ನಾನು ಮೊದಲ ವರ್ಷ ಹನ್ನೊಂದು ಹೆಸ್ರು ತೆಗೊಂಡೆ, ಒಂದೂ ಹೋಗ್ಲಿಲ್ಲ, ಮರುವರ್ಷ ರಿನ್ಯೂವಲ್ ಬಿಲ್ ಬಂದಾಗ ತಲೆ ತಿರುಗಿತು ಮಾರ್ರೆ. ಅಡಿಕೆಯಾದ್ರೆ ಅಟ್ಟದಲ್ಲಿಟ್ರೆ ಹಳತಾಗಿ, ಡಬ್ಬಲ್ ಚೋಲ್ ಅಂತ ಒಳ್ಳೆ ರೇಟಾದ್ರೂ ಬರ್ತದೆ, ಡೊಮೇನ್ ಹಾಗಲ್ಲ, ಇಟ್ಟಷ್ಟು ವರ್ಷ ದುಡ್ಡು ಕಟ್ತಾ ಇರ್ಬೇಕು, ಒಮ್ಮೆಗೆ ಜಾಸ್ತಿ ಅಂದ್ರೆ 10 ವರ್ಷದ್ದು ಕಟ್ಬಹುದು ಅಷ್ಟೆ.

ಹಾಗಾಗಿ ಹೆಸ್ರು ಹೊಳೆದ ಕೂಡ್ಲೆ ಕಾರ್ಡ್ ತೆಗೀಬೇಡಿ. ಒಂದು ಕಾಗದದಲ್ಲಿ ಇದನ್ನು ಯಾರು ತೆಗೊಂಡಾರು ಅಂತ ಬರೀರಿ, ಹೋಂಸ್ಟೇ, ನರ್ಸರಿ, ಕ್ಯಾಟರಿಂಗ್, ಸೀರೆ ಅಂಗಡಿ ಎಂತದೂ ಆಗ್ಬಹುದು. ಮೂರು ಗಿರಾಕಿ ನೆನಪಾಗದಿದ್ರೆ ಬಿಟ್ಟುಬಿಡಿ.

ಆಮೇಲೆ ಫೋನ್ ಪರೀಕ್ಷೆ. ನಮ್ಮ ಕಾಸರಗೋಡು ಕಡೆಯವರಿಗೆ ಇದು ಬೇಕೇ ಬೇಕು, ಯಾಕಂದ್ರೆ ಇಲ್ಲಿ ಊರಿಗೆರಡು ಹೆಸ್ರು, ನಾವು ಮಂಜೇಶ್ವರ ಅಂತೇವೆ, ಮಲಯಾಳದಲ್ಲಿ ಮಂಜೇಶ್ವರಂ, ಕಾಸರಗೋಡು ಅಂತ ಇಂಗ್ಲಿಷಲ್ಲಿ ಬರೆಯುವಾಗ ಆರ್ ಆದ್ಮೇಲೆ ಎ ಹಾಕುವವರೂ ಉಂಟು ಹಾಕದವರೂ ಉಂಟು. ನಾನು ಅಡಿಕೆ ಅಂತ ಬರುವ ಒಂದು ಹೆಸ್ರನ್ನು ಉಪ್ಪಳದ ಅಕ್ಕನಿಗೆ ಫೋನಲ್ಲಿ ಹೇಳಿ ವಾಟ್ಸಾಪಲ್ಲಿ ಟೈಪ್ ಮಾಡಿ ಕಳ್ಸು ಅಂದೆ, ಎರಡು ಡಿ ಹಾಕಿ ಕಳ್ಸಿದ್ಳು, ಭಾವ ಬೇರೆಯೇ ಬರ್ದ್ರು. ಕೇಳಿದವರು ಒಂದೇ ಸಲಕ್ಕೆ ಸರಿ ಬರೆಯದ ಹೆಸ್ರಿಗೆ ಗಿರಾಕಿ ಸಿಗುದು ಕಷ್ಟ. ಅಂಕೆ, ನಡುವಿನ ಗೆರೆ ಎಲ್ಲ ಇದೇ ಕಾರಣಕ್ಕೆ ಬೇಡ.

ಕಡೆಯ ತುಂಡಲ್ಲಿ ಡಾಟ್ ಕಾಮ್ ಮೊದಲು, ನಮ್ಮ ದೇಶದ ಗಿರಾಕಿಗಾದ್ರೆ ಡಾಟ್ ಇನ್ ಕೂಡ ಆಗ್ತದೆ, ಅದನ್ನು ನೋಡಿಕೊಳ್ಳುದು ನಿಕ್ಸಿ ಅಂತ ನಮ್ಮ ದೇಶದ್ದೇ ಸಂಸ್ಥೆ. ಡಾಟ್ ಎಐ ಅಂದ್ರೆ ಕೃತಕ ಬುದ್ಧಿಮತ್ತೆ ಅಂತ ಎಲ್ಲರೂ ತಿಳ್ಕೊಂಡದ್ದು, ಅದು ಅಸಲಿಗೆ ಅಂಗ್ವಿಲಾ ಅಂತ ಒಂದು ಸಣ್ಣ ದ್ವೀಪದ್ದು. ಮೊದಲ ವರ್ಷ ನೂರು ಚಿಲ್ಲರೆಗೆ ಸಿಗುವ ಹೆಸ್ರು ನೋಡಿ ಬಾಯಿ ಬಿಡ್ಬೇಡಿ, ಎರಡನೇ ವರ್ಷದ ರೇಟ್ ಎಷ್ಟು ಅಂತ ಮೊದ್ಲೇ ನೋಡಿ, ನನ್ನ ಹನ್ನೊಂದರಲ್ಲಿ ಏಳು ಹೀಗೇ ದಂಡ ಆದದ್ದು. ಕನ್ನಡ ಲಿಪಿಯಲ್ಲೇ ಡಾಟ್ ಭಾರತ ಕೂಡ ಉಂಟು, ನಂಗೆ ಪ್ರೀತಿ ಜಾಸ್ತಿ ಅದ್ರ ಮೇಲೆ, ಆದ್ರೆ ಮಾರ್ಲಿಕ್ಕೆ ಅಂತ ತೆಗೊಳ್ಬೇಡಿ, ಕೊಳ್ಳುವವರು ತೀರಾ ಕಮ್ಮಿ.

ಕ್ಯಾಂಪ್ಕೊ, ಮಿಲ್ಮಾ ಹೀಗೆ ಯಾರದ್ದೋ ಬ್ರ್ಯಾಂಡ್ ಇರುವ ಹೆಸ್ರು ಮುಟ್ಲೇಬೇಡಿ. ಡಾಟ್ ಕಾಮಿಗೆ 1999ರಿಂದ ಯುಡಿಆರ್‌ಪಿ ಅಂತ ತಕರಾರು ನಿಯಮ ಉಂಟು, ಡಾಟ್ ಇನ್‌ಗೆ ಐಎನ್‌ಡಿಆರ್‌ಪಿ, ಡೊಮೇನಿಗೂ ಟ್ರೇಡ್‌ಮಾರ್ಕಿನ ರಕ್ಷಣೆ ಉಂಟು ಅಂತ ಸುಪ್ರೀಂ ಕೋರ್ಟೇ 2004ರಲ್ಲಿ ಸತ್ಯಂ ಇನ್ಫೋವೇ ಕೇಸಲ್ಲಿ ಹೇಳಿದೆ. ದುಡ್ಡು ಬರುದು ಹಾಗಿರ್ಲಿ, ಹೆಸ್ರೂ ಕೈ ಬಿಡ್ತದೆ. ಟ್ರೇಡ್‌ಮಾರ್ಕ್ ಇಲಾಖೆಯ ಸೈಟಲ್ಲಿ ಪುಕ್ಕಟೆ ಹುಡುಕ್ಬಹುದು.

ರೇಟ್ ಕಟ್ಟುವಾಗ ನೇಮ್‌ಬಯೋ ಅಂತ ಒಂದು ಸೈಟ್ ಉಂಟು, ಅದನ್ನು ನೋಡಿ, ಹಿಂದೆ ನಿಜವಾಗಿ ಯಾವ ಹೆಸ್ರು ಎಷ್ಟಕ್ಕೆ ಹೋಗಿದೆ ಅಂತ ಅಲ್ಲಿ ಸಿಗ್ತದೆ. ಮಾರುವವರು ಬರೀ ಕೇಳುವ ರೇಟ್ ನಂಬಿ ಪ್ರಯೋಜನ ಇಲ್ಲ, ದೊಡ್ಡ ಮಾರಾಟ ನೋಡಿಯೂ ಮರುಳಾಗ್ಬೇಡಿ, ವಾಯ್ಸ್ ಡಾಟ್ ಕಾಮ್ 2019ರಲ್ಲಿ 3 ಕೋಟಿ ಡಾಲರಿಗೆ ಹೋದದ್ದು ಹೌದು, ಅದನ್ನು ನೋಡಿ ನಮ್ಮದಕ್ಕೆ ರೇಟ್ ಹಾಕಿದ್ರೆ ಜನ ನಗಾಡ್ತಾರೆ.

ಮಾರ್ಲಿಕ್ಕೆ ಸೆಡೋ, ಆಫ್ಟರ್ನಿಕ್ ಅಂಥ ಡೊಮೇನ್ ಮಾರುವ ಸೈಟಲ್ಲಿ ಹಾಕಿ, ಹೆಸ್ರು ಟೈಪ್ ಮಾಡಿದ್ರೆ ಮಾರಾಟಕ್ಕೆ ಉಂಟು ಅಂತ ಒಂದು ಪುಟ ಬರ್ಲಿ. ನಂದು ಮೊದಲು ಮಾರಿ ಹೋದದ್ದು ಹಾಗೆಯೇ, ಬೇಕಲದ ಹತ್ರ ಹೋಂಸ್ಟೇ ಮಾಡಿದವರು ಆ ಪುಟ ನೋಡಿ ಫೋನ್ ಮಾಡಿದ್ರು, ಒಂಬತ್ತು ಸಾವಿರಕ್ಕೆ ಒಪ್ಪಿದ್ರು. ನಂದು ಯಾವ ರಿಜಿಸ್ಟ್ರಾರ್, ಅಂದ್ರೆ ಹೆಸ್ರು ನೋಂದಾಯಿಸಿ ಕೊಡುವ ಕಂಪೆನಿ, ಹತ್ರ ಇತ್ತೋ ಅಲ್ಲೇ ಅವರದ್ದೂ ಅಕೌಂಟ್ ಮಾಡಿಸಿ ಒಳಗಿಂದೊಳಗೆ ಪುಶ್ ಮಾಡಿದೆ, ಅಂದ್ರೆ ಅವರ ಅಕೌಂಟಿಗೆ ದಾಟಿಸಿದೆ, ಬೇರೆ ರಿಜಿಸ್ಟ್ರಾರಿಗೆ ಕೊಡುದಾದ್ರೆ ಸಾಮಾನ್ಯವಾಗಿ ತೆಗೊಂಡು 60 ದಿನ ಆಗ್ಬೇಕು, ಟ್ರಾನ್ಸ್‌ಫರ್ ಕೋಡ್ ಬೇಕು. ಹಣ ಕೈಗೆ ಬಾರದೆ ಆ ಕೋಡ್ ಯಾರಿಗೂ ಕೊಡ್ಬೇಡಿ, ಗುರ್ತ ಇಲ್ಲದವರಾದ್ರೆ ಎಸ್ಕ್ರೋ ಮೂಲಕ ಮಾಡಿ, ಅಂದ್ರೆ ಹೆಸ್ರು ಕೈ ಸೇರುವವರೆಗೆ ಹಣವನ್ನು ಮೂರನೆಯವರು ಹಿಡಿದಿಡುವ ವ್ಯವಸ್ಥೆ.

ಒಂದು ದಿನ ನಿಮಗೂ ಮೇಲ್ ಬರ್ತದೆ, ನಿಮ್ಮ ಹೆಸ್ರಿಗೆ ನಾಲ್ಕು ಸಾವಿರ ಡಾಲರ್ ಕೊಡ್ತೇನೆ, ಮೊದ್ಲು ಇಂಥ ಕಡೆಯಿಂದ ಬೆಲೆಯ ಸರ್ಟಿಫಿಕೇಟ್ ಮಾಡಿಸಿ ಅಂತ. ಆ ಸರ್ಟಿಫಿಕೇಟಿನ ಫೀಸೇ ಅವನ ವ್ಯಾಪಾರ. ನಾನು ಕಾರ್ಡ್ ನಂಬರ್ ಅರ್ಧ ಹಾಕಿ ಆಗಿತ್ತು, ಅಷ್ಟೊತ್ತಿಗೆ ಕರೆಂಟ್ ಹೋಯ್ತು, ಕತ್ತಲೆಲಿ ಕೂತು ಯೋಚಿಸಿದಾಗ ಬುದ್ಧಿ ಬಂತು.