ಟ್ಯಾಪೆಟ್ ಸದ್ದೇ ಇಲ್ಲದ ಅಂಬಾಸಿಡರ್

ನನ್ನ ಹಳೆ ಪೆಟ್ರೋಲ್ ಅಂಬಾಸಿಡರ್ ಬೆಳಿಗ್ಗೆ ಹೇಗೋ ಸ್ಟಾರ್ಟ್ ಆಗುತ್ತಿತ್ತು. ಪೇಟೆಯಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ ಬಂದರೆ ಮಾತ್ರ ಹಟ. ಸೆಲ್ಫ್ ಹೊಡೆದೂ ಹೊಡೆದೂ ಬ್ಯಾಟರಿ ಸುಸ್ತು. ಪಾಯಿಂಟ್, ಕಂಡೆನ್ಸರ್, ಪ್ಲಗ್ ಎಲ್ಲ ನೋಡಿ ಆಗಿತ್ತು, ಕಿಡಿ ಚೆನ್ನಾಗಿಯೇ ಬರುತ್ತಿತ್ತು. "ಇಂಜಿನ್ ಎಷ್ಟು ಸೈಲೆಂಟ್ ಇದೆ ನೋಡಿ ಸಾರ್, ಕಾರ್ಬೊರೇಟರೇ ಇರಬೇಕು" ಎಂದರು ಮೆಕ್ಯಾನಿಕ್. ನನಗೆ ಅನುಮಾನ ಬಂದಿದ್ದೇ ಆ ಸೈಲೆಂಟ್ ಮೇಲೆ. ಈ 1489 ಸಿಸಿ ಇಂಜಿನ್‌ನಲ್ಲಿ ಟ್ಯಾಪೆಟ್ (ವಾಲ್ವ್ ತೆರೆಯುವ ಭಾಗ) ಸ್ವಲ್ಪ ಟಿಕ್ ಟಿಕ್ ಅನ್ನಲೇಬೇಕು, ಅಲ್ವಾ?

ನಾಲ್ಕೂ ಪ್ಲಗ್ ಬಿಚ್ಚಿದೆ. ಆಕ್ಸಿಲರೇಟರ್ ಪೂರ್ತಿ ಒತ್ತಿ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಗೇಜಿನಲ್ಲಿ ನೋಡಿದೆ. ಮೂರು ಸಿಲಿಂಡರ್ 120 ಪಿಎಸ್‌ಐ ಆಸುಪಾಸು, ಮೂರನೆಯದು ಮಾತ್ರ 75. ಅದರೊಳಗೆ ಒಂದು ಟೀ ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದೆ. ಪಿಸ್ಟನ್ ರಿಂಗ್ ಸವೆದಿದ್ದರೆ ಆಯಿಲ್ ಆ ಸಂದು ಮುಚ್ಚಿ ಮುಳ್ಳು ಮೇಲೇರಬೇಕು. ಏರಲಿಲ್ಲ. ಪಕ್ಕದ ಸಿಲಿಂಡರೂ ಇಷ್ಟೇ ಇಳಿದಿದ್ದರೆ ಹೆಡ್ ಗ್ಯಾಸ್ಕೆಟ್ (ಸಿಲಿಂಡರ್‌ಗಳ ಮೇಲಿನ ಮುಚ್ಚಳವಾದ ಹೆಡ್‌ನ ಸೀಲ್) ಎನ್ನಬಹುದಿತ್ತು. ಉಳಿದದ್ದು ವಾಲ್ವ್.

ರಾಕರ್ ಕವರ್ ತೆಗೆದು, ವಾಲ್ವ್ ತುದಿಗೂ ಅದನ್ನು ಒತ್ತುವ ರಾಕರ್‌ಗೂ ನಡುವಿನ ಗ್ಯಾಪ್ ಅಳೆಯಲು ಫೀಲರ್ ಗೇಜ್ (ತೆಳು ಉಕ್ಕಿನ ಎಲೆಗಳ ಸಾಧನ) ಹಿಡಿದೆ. ಇದರಲ್ಲಿ ಒಂಬತ್ತರ ಲೆಕ್ಕ ಸುಲಭ: 4ನೇ ವಾಲ್ವ್ ಪೂರ್ತಿ ತೆರೆದಾಗ 5ನೆಯದರ ಗ್ಯಾಪ್ ನೋಡಬೇಕು, 3 ತೆರೆದಾಗ 6. ಎರಡೂ ಸೇರಿ ಒಂಬತ್ತು. ಗ್ಯಾಪ್ 15 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ) ಇರಬೇಕು. 5ನೆಯದರಲ್ಲಿ, ಅಂದರೆ ಮೂರನೇ ಸಿಲಿಂಡರಿನ ಎಕ್ಸಾಸ್ಟ್‌ನಲ್ಲಿ, 4 ಥೌ ಎಲೆಯೂ ತೂರಲಿಲ್ಲ.

ಸವೆದರೆ ಗ್ಯಾಪ್ ಜಾಸ್ತಿ ಆಗಬೇಕಲ್ಲ ಎನಿಸುತ್ತದೆ. ರಾಕರ್ ಸವೆದರೆ ಹೌದು, ಸದ್ದೂ ಬರುತ್ತದೆ. ಆದರೆ ಸೀಟ್, ಅಂದರೆ ಹೆಡ್‌ನಲ್ಲಿ ವಾಲ್ವ್ ಕೂತು ಮುಚ್ಚುವ ಜಾಗ, ಸವೆದರೆ ವಾಲ್ವ್ ಹೆಡ್‌ನೊಳಗೆ ಕೂರುತ್ತಾ ಹೋಗುತ್ತದೆ, ಅದರ ತುದಿ ಮೇಲೇರಿ ರಾಕರ್‌ಗೆ ತಾಗುತ್ತದೆ. ಗ್ಯಾಪ್ ಮುಚ್ಚಿ ಸದ್ದು ಅಡಗುತ್ತದೆ. ಇಂಜಿನ್ ಕಾದಾಗ ವಾಲ್ವ್ ಇನ್ನಷ್ಟು ಉದ್ದವಾಗಿ, ಪೂರ್ತಿ ಮುಚ್ಚುವುದೇ ಇಲ್ಲ. ಬಿಸಿಯಲ್ಲೇ ಹಟ ಮಾಡುತ್ತಿದ್ದುದು ಅದಕ್ಕೆ. ಹಿಂದೆ ಪೆಟ್ರೋಲಿನಲ್ಲಿದ್ದ ಸೀಸ ಈ ಬೀಡುಕಬ್ಬಿಣದ ಸೀಟನ್ನು ಕಾಯುತ್ತಿತ್ತು. 2000ದಲ್ಲಿ ನಮ್ಮ ದೇಶದಲ್ಲಿ ಅದು ನಿಂತಿತು. ಅದರ ಮೇಲೆ 2 ಮತ್ತು 3ನೇ ಸಿಲಿಂಡರಿನ ಎಕ್ಸಾಸ್ಟ್‌ಗೆ ಒಂದೇ ದಾರಿ, ಹಾಗಾಗಿ ನಡುವೆ ಶಾಖ ಜಾಸ್ತಿ.

ಸುಮ್ನೆ ಗ್ಯಾಪ್ ಸರಿಮಾಡಿ ನೋಡಿದೆ. ಕಂಪ್ರೆಷನ್ ಚೂರು ಏರಿತು, ಅಷ್ಟೇ. ಪ್ಲಗ್ ತೂತಿನಿಂದ ಗಾಳಿ ಬಿಟ್ಟಾಗ ಸೈಲೆನ್ಸರ್‌ನಲ್ಲಿ ಸುಯ್ ಎಂದಿತು. ಹೆಡ್ ಇಳಿಸಿದಾಗ ಆ ವಾಲ್ವಿನ ಅಂಚು ಒಂದು ಕಡೆ ಸುಟ್ಟು ಕಚ್ಚು ಬಿದ್ದಿತ್ತು.

ಲೇತ್ ಅಂಗಡಿಯಲ್ಲಿ ನಾಲ್ಕೂ ಎಕ್ಸಾಸ್ಟ್‌ಗೆ ಗಟ್ಟಿ ಸೀಟ್ ರಿಂಗ್ ಕೂರಿಸಿದರು. ಒಂದಕ್ಕೆ ಮಾತ್ರ ಸಾಕು ಎಂದರು, ನಾನು ಒಪ್ಪಲಿಲ್ಲ. ಹೆಡ್ ಇಳಿಸಿ ಏರಿಸುವ ಕೆಲಸ ಒಂದಕ್ಕೂ ಅಷ್ಟೇ, ನಾಲ್ಕಕ್ಕೂ ಅಷ್ಟೇ. ಪೇಸ್ಟ್ ಹಚ್ಚಿ ವಾಲ್ವ್ ಉಜ್ಜಿದ್ದು ನಾನೇ. ಆಮೇಲೆ ಪೋರ್ಟ್‌ಗೆ ಸೀಮೆಎಣ್ಣೆ ಸುರಿದು, ವಾಲ್ವ್ ಸಂದಿನಲ್ಲಿ ಒದ್ದೆ ಕಾಣಿಸುವುದಿಲ್ಲ ಎಂದು ಖಾತ್ರಿಯಾದ ಮೇಲಷ್ಟೇ ಹೆಡ್ ಏರಿಸಿದೆ.

ನಿಮ್ಮ ಹಳೆ ಕಾರಿಗೆ ಗ್ಯಾಸ್ ಕಿಟ್ ಹಾಕಿಸುವ ಯೋಚನೆ ಇದ್ದರೆ ಸೀಟ್ ಕೆಲಸ ಮೊದಲು ಮಾಡಿಸಿ. ಗ್ಯಾಸ್‌ನಲ್ಲಿ ಈ ಸವೆತ ಇನ್ನೂ ಬೇಗ.