ನೆರವಿಗೆ ನಿಂತವರ ದನಿ: ಪಾಡ್‌ಕಾಸ್ಟ್ ಮಾಡುವುದು ಹೇಗೆ?

ಕೋವಿಡ್ ಸಾಂಕ್ರಾಮಿಕದ ದಿನಗಳಲ್ಲಿ ನೆರವಿಗೆ ನಿಂತವರ ಬಗ್ಗೆ ಪಾಡ್‌ಕಾಸ್ಟ್ ಮಾಡಬೇಕೆಂದಿದ್ದರೆ, ಮೈಕ್ ಕೊಳ್ಳುವ ಮುನ್ನ ಒಂದು ಖಾಲಿ ಹಾಳೆ ಎದುರಿಗಿಟ್ಟುಕೊಳ್ಳಿ. ‘ನೆರವಾದವರು’ ಎಂದರೆ ಕಡಲು. ಆಂಬುಲೆನ್ಸ್ ಚಾಲಕರು ಮಾತ್ರ, ಇಲ್ಲವೇ ರಾತ್ರಿ ಪಾಳಿಯವರು ಮಾತ್ರ ಎಂದು ಗೆರೆ ಎಳೆದುಕೊಂಡು, ಆರು ಕಂತಿಗೆ ಜನ ಸಿಗುತ್ತಾರೆಯೇ ಎಂದು ಹೆಸರು ಬರೆದು ನೋಡಿ. ಮೂರಕ್ಕೇ ಪೆನ್ನು ನಿಂತರೆ ಗೆರೆಯನ್ನು ತುಸು ಸಡಿಲಿಸಿ. ಲಾಂಛನ ಆಮೇಲಾಗಲಿ, ಲಾಂಛನದಿಂದ ಶುರು ಮಾಡಿ ಅಲ್ಲಿಗೇ ಮುಗಿಸಿದವರು ಬಹಳ.

1. ಒಪ್ಪಿಗೆ

ಎಲ್ಲಿ ಪ್ರಸಾರವಾಗುತ್ತದೆ, ಹೆಸರು ಹೇಳಬಹುದೇ, ಕೆಲಸ ಕೊಟ್ಟ ಸಂಸ್ಥೆಯ ಅನುಮತಿ ಬೇಕೇ ಎಂಬುದನ್ನೆಲ್ಲ ಮೊದಲೇ ಮಾತನಾಡಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ರೋಗಿಗಳ ಹೆಸರು ಬಿಟ್ಟರಷ್ಟೇ ಸಾಲದು. ಊರು, ವಯಸ್ಸು, ದಿನಾಂಕ ಮೂರೂ ಸೇರಿದರೆ ನೆರೆಮನೆಯವರಿಗೆ ಗುರುತು ಸಿಕ್ಕಿಬಿಡುತ್ತದೆ.

2. ಪ್ರಶ್ನೆ

‘ನಿಮಗೆ ಹೇಗನ್ನಿಸಿತು?’ ಎಂದು ಕೇಳಬೇಡಿ. ನನ್ನ ಮೊದಲ ಸಂದರ್ಶನದಲ್ಲಿ ನಾನು ಕೇಳಿದ್ದು ಅದನ್ನೇ. ನರ್ಸ್ ಒಬ್ಬರು ನಲವತ್ತು ನಿಮಿಷ ಕರ್ತವ್ಯ, ತೃಪ್ತಿ, ಸೇವೆ ಎಂದರು. ಅದರಲ್ಲಿ ಸುಳ್ಳಿರಲಿಲ್ಲ, ಆದರೆ ಅವರೂ ಇರಲಿಲ್ಲ. ಕೊನೆಗೆ, ಪಾಳಿ ಮುಗಿದ ಕೂಡಲೇ ಏನು ಮಾಡುತ್ತಿದ್ದಿರಿ ಎಂದೆ. ‘ಕೈ ಬೀಸುತ್ತಾ ಕೂರುತ್ತಿದ್ದೆ’ ಎಂದರು. ಗಂಟೆಗಟ್ಟಲೆ ಕೈಗವಸಿನೊಳಗೆ ಬೆವೆತ ಬೆರಳ ತುದಿಗಳು ಸುಕ್ಕುಗಟ್ಟಿರುತ್ತಿದ್ದವು. ಆ ಬೆರಳಿಗೆ ಮೊಬೈಲಿನ ಬೀಗ ತೆರೆಯುತ್ತಿರಲಿಲ್ಲ. ಸುಕ್ಕು ಬಿಡುವವರೆಗೆ ಮನೆಗೆ ಕರೆ ಮಾಡುವಂತಿರಲಿಲ್ಲ. ಗುಪ್ತಸಂಖ್ಯೆ ಇತ್ತಲ್ಲ ಎಂದೆ. ‘ಆ ಹೊತ್ತಿಗೆ ಅದು ನೆನಪಾಗಬೇಕಲ್ಲ!’ ಎಂದು ನಕ್ಕರು. ಇಡೀ ಕಂತು ನಿಂತದ್ದು ಆ ಎರಡು ನಿಮಿಷದ ಮೇಲೆ. ಕೈ, ಕಾಲು, ಜೇಬು, ಚೀಲ, ಬಾಗಿಲು: ಇವುಗಳ ಬಗ್ಗೆ ಕೇಳಿ. ಮನಸ್ಸು ತಾನಾಗಿ ಹಿಂದೆ ಬರುತ್ತದೆ.

ಅತ್ತರೆ ಧ್ವನಿಮುದ್ರಣ ನಿಲ್ಲಿಸಿ. ಮುಂದುವರಿಸುವುದು ಬಿಡುವುದು ಅವರ ಇಷ್ಟ.

3. ಧ್ವನಿಮುದ್ರಣ

ಪರದೆ, ಹಾಸಿಗೆ, ಬಟ್ಟೆಗಳಿರುವ ಚಿಕ್ಕ ಕೋಣೆ ಒಳ್ಳೆಯದು. ಬರಿಗೋಡೆಯ ಕೋಣೆಯಲ್ಲಿ ದನಿ ಮಾರ್ದನಿಸುತ್ತದೆ. ಮೈಕ್ ಬಾಯಿಂದ ಒಂದು ಗೇಣು ದೂರದಲ್ಲಿ, ಸ್ವಲ್ಪ ಓರೆಯಾಗಿರಲಿ. ನೇರ ಹಿಡಿದರೆ ಪ, ಫ, ಭ ಅಕ್ಷರಗಳ ಉಸಿರು ಮೈಕಿಗೆ ಬಡಿಯುತ್ತದೆ. ಫ್ಯಾನ್ ಆರಿಸಿ. ಅತಿಥಿ ದೂರದಲ್ಲಿದ್ದರೆ ಇಬ್ಬರೂ ತಮ್ಮ ತಮ್ಮ ಮೊಬೈಲಿನಲ್ಲೇ ಮುದ್ರಿಸಿಕೊಂಡು, ಆಮೇಲೆ ಎರಡನ್ನೂ ಜೋಡಿಸಿಕೊಳ್ಳಿ. ಕೊನೆಗೆ ಅರ್ಧ ನಿಮಿಷ ಕೋಣೆಯ ಮೌನವನ್ನೂ ಮುದ್ರಿಸಿ. ಕತ್ತರಿಸಿದ ಕಡೆ ತೇಪೆ ಹಾಕಲು ಬೇಕಾಗುತ್ತದೆ.

4. ಸಂಕಲನ, ಪರಿಶೀಲನೆ

ಆಡಾಸಿಟಿ ಎಂಬ ಉಚಿತ ತಂತ್ರಾಂಶ ಸಾಕು. ತೊದಲು ತೆಗೆಯಿರಿ, ಆದರೆ ಉತ್ತರಕ್ಕೆ ಮುಂಚಿನ ಮೌನವನ್ನು ಮುಟ್ಟಬೇಡಿ.

ನೆನಪು ತಾರೀಖುಗಳನ್ನು ಕಲಸಿಬಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ತುರ್ತುಸ್ಥಿತಿ ಘೋಷಿಸಿದ್ದು 2020ರ ಜನವರಿ 30ರಂದು, ಮುಗಿಯಿತೆಂದು ಹೇಳಿದ್ದು 2023ರ ಮೇ 5ರಂದು. ಇಷ್ಟು ದೀರ್ಘ ಕಾಲದಲ್ಲಿ ಸಲಹೆಗಳೂ ಬದಲಾದವು. ಸೋಂಕು ವ್ಯಾಪಕವಾಗಿರುವ ಕಡೆ ಜನಸಾಮಾನ್ಯರಿಗೆ ಬಟ್ಟೆಯ ಮಾಸ್ಕ್ ಧರಿಸಲು ಅದು ಸಲಹೆ ನೀಡಿದ್ದು 2020ರ ಜೂನ್‌ನಲ್ಲಿ. ಅದೇ ವರ್ಷದ ಏಪ್ರಿಲ್‌ನಲ್ಲಿ ಮಾಸ್ಕಿಲ್ಲದೆ ಔಷಧ ಹಂಚಿದೆ ಎನ್ನುವವರನ್ನು ಅಜಾಗರೂಕರೆಂದು ಕೇಳುಗರು ತಿಳಿಯದಂತೆ, ಈ ಹಿನ್ನೆಲೆಯನ್ನು ನೀವೇ ಒಂದು ವಾಕ್ಯದಲ್ಲಿ ಹೇಳಿಬಿಡಿ. ಖಚಿತ ದಿನ ಬೇಕಾದರೆ ಮೊಬೈಲಿನ ಹಳೆಯ ಫೋಟೊ ತೆರೆಯಲು ಹೇಳಿ. ಅತಿಥಿ ಯಾವುದಾದರೂ ಮದ್ದು ಸೂಚಿಸಿದರೆ ವೈದ್ಯರಲ್ಲಿ ವಿಚಾರಿಸದೆ ಪ್ರಸಾರ ಮಾಡಬೇಡಿ.

5. ಪ್ರಕಟಣೆ

ಕಂತುಗಳನ್ನು ಅಂತರಜಾಲದಲ್ಲಿ ಇರಿಸಿಕೊಡುವ ಹೋಸ್ಟಿಂಗ್ ಸೇವೆಯೊಂದಕ್ಕೆ ಕಂತು ಏರಿಸಿದರೆ, ಹೊಸ ಕಂತು ಬಂದದ್ದನ್ನು ಆ್ಯಪ್‌ಗಳಿಗೆ ತಿಳಿಸುವ ‘ಆರ್‌ಎಸ್‌ಎಸ್’ (RSS) ಎಂಬ ಕೊಂಡಿ ಸಿಗುತ್ತದೆ. ಅದನ್ನು ಸ್ಪಾಟಿಫೈ, ಆಪಲ್ ಪಾಡ್‌ಕಾಸ್ಟ್‌ಗಳಿಗೆ ಒಮ್ಮೆ ಕೊಟ್ಟರಾಯಿತು, ಮುಂದಿನ ಕಂತುಗಳು ತಾವಾಗಿ ತಲುಪುತ್ತವೆ. ಮುಖಚಿತ್ರ ಚೌಕವಾಗಿರಲಿ, 3000 ಪಿಕ್ಸೆಲ್ ಅಗಲ ಎಲ್ಲೆಡೆಗೂ ಸರಿಹೋಗುತ್ತದೆ.

ಗುಂಡಿ ಒತ್ತುವ ಮುನ್ನ ಕಂತನ್ನು ಅತಿಥಿಗೆ ಕಳಿಸಿ ಒಂದು ದಿನ ಕಾಯಿರಿ. ಆ ನರ್ಸ್ ಕೇಳಿ, ಬೆರಳಿನ ಮಾತು ಇರಲಿ ಎಂದರು. ಒಂದು ವಾರ್ಡಿನ ಸಂಖ್ಯೆಯನ್ನು ಮಾತ್ರ ತೆಗೆಸಿದರು.