ಮೆಂಬ್ರೇನ್ ಪೂರ್ತಿ ನೇರಳೆಯಾಯಿತೇ? ತೊಳೆದದ್ದು ಸಾಲದು

ಮೆಂಬ್ರೇನ್ ಎಂಬ ತೆಳು ಹಾಳೆಯ ಮೇಲೆ ಡಿಎನ್‌ಎ ಚುಕ್ಕೆಯಿಟ್ಟು, ನಮಗೆ ಬೇಕಾದದ್ದು ಅದರಲ್ಲಿದೆಯೇ ಎಂದು ಹುಡುಕುವುದೇ ಡಾಟ್ ಬ್ಲಾಟ್. ಅದು ಕೆಟ್ಟರೆ ವಿದ್ಯಾರ್ಥಿಗಳು ಮೊದಲು ಬೈಯುವುದು ಪ್ರೋಬನ್ನು, ಅಂದರೆ ಹುಡುಕುವ ಡಿಎನ್‌ಎಗೆ ಜೋಡಿಯಾಗಿ ಅಂಟುವ ತುಣುಕನ್ನು. ಮೆಂಬ್ರೇನ್ ನೋಡಿದರೆ ಚುಕ್ಕೆ ಯಾವುದು, ಕಲೆ ಯಾವುದು ಗೊತ್ತಾಗದಷ್ಟು ನೇರಳೆ. ಪಾಪ, ಪ್ರೋಬ್‌ದು ತಪ್ಪಿರುವುದು ಕಡಿಮೆ.

ಇಲ್ಲಿ ನಡೆಯುವುದು ಇಷ್ಟು. ಪ್ರೋಬ್‌ಗೆ ಡಿಗ್ (ಡಿಗಾಕ್ಸಿಜೆನಿನ್) ಎಂಬ ಗುರುತು ಹಚ್ಚಿರುತ್ತದೆ. ಅದನ್ನು ಹಿಡಿಯುವ ಆಂಟಿಬಾಡಿಗೆ ಅಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಅಂಟಿರುತ್ತದೆ. ಕಿಣ್ವ ಖರ್ಚಾಗುವುದಿಲ್ಲ. ಒಂದೇ ಅಣು ಕೂತಲ್ಲೇ ಕೂತು ಬಣ್ಣ ಮಾಡುತ್ತಲೇ ಇರುತ್ತದೆ. ಚೂರೇ ಚೂರು ಡಿಎನ್‌ಎ ಕಣ್ಣಿಗೆ ಕಾಣುವುದು ಅದರಿಂದಲೇ. ತೊಳೆಯದೆ ಬಿಟ್ಟ ಆಂಟಿಬಾಡಿ ಕೂಡ ಹಾಗೇ ಬಣ್ಣ ಮಾಡುತ್ತದೆ, ಅಲ್ವಾ?

ಡಿಎನ್‌ಎಯನ್ನು 10 ನಿಮಿಷ ಕುದಿಸಿ, ಐಸ್‌ನಲ್ಲಿಟ್ಟು, ನೈಲಾನ್ ಮೆಂಬ್ರೇನ್ ಮೇಲೆ ಚುಕ್ಕೆಯಿಟ್ಟು, ಯುವಿ ಬೆಳಕಿನಿಂದ ಗಟ್ಟಿಯಾಗಿ ಕೂರಿಸಿ. ರಾತ್ರಿಯಿಡೀ ಪ್ರೋಬ್ ಜೊತೆ ಬಿಡಿ. ಹೋಲಿಸಿ ನೋಡಲು ಸಂಬಂಧವಿಲ್ಲದ ಡಿಎನ್‌ಎಯದೂ ಒಂದು ಚುಕ್ಕೆ ಇರಲಿ.

ಈಗ ತೊಳೆಯುವುದು. ಮೊದಲು 2 ಎಕ್ಸ್ (ಮಾಮೂಲಿ ಸಾಂದ್ರತೆಯ ಎರಡು ಪಟ್ಟು) ಎಸ್‌ಎಸ್‌ಸಿ ಎಂಬ ಉಪ್ಪಿನ ದ್ರಾವಣದಲ್ಲಿ ಎರಡು ಸಲ, 5 ನಿಮಿಷದಂತೆ. ಆಮೇಲೆ 0.1 ಎಕ್ಸ್‌ನಲ್ಲಿ 15 ನಿಮಿಷದಂತೆ ಎರಡು ಸಲ. ಉದ್ದದ ಪ್ರೋಬ್ ಆದರೆ ಈ 0.1 ಎಕ್ಸ್‌ಗೆ 68 ಡಿಗ್ರಿ ಸೆಲ್ಸಿಯಸ್ ಬೇಕು. ಎರಡರಲ್ಲೂ 0.1 ಶೇಕಡಾ ಎಸ್‌ಡಿಎಸ್ ಎಂಬ ಸೋಪಿನಂಥ ಪದಾರ್ಥ ಇರಲಿ. ಬಿಸಿ ಬೇಕಾದ ಈ ಬಫರನ್ನು (ತೊಳೆಯುವ ದ್ರಾವಣವನ್ನು) ಮೊದಲೇ ಬಿಸಿ ಮಾಡಿಡಿ. ತಣ್ಣಗಿನದು ಸುರಿದು ಬಿಸಿಯಾಗಲಿ ಎಂದು ಕಾಯುವವರೇ ಜಾಸ್ತಿ. ಅಷ್ಟರಲ್ಲಿ ಹೊತ್ತು ಮುಗಿದಿರುತ್ತದೆ, ಅರೆಬರೆ ಅಂಟಿದ ಪ್ರೋಬ್ ಅಲ್ಲೇ ಉಳಿದಿರುತ್ತದೆ.

ಆಮೇಲೆ ಬ್ಲಾಕಿಂಗ್, ಅಂದರೆ ಆಂಟಿಬಾಡಿ ಎಲ್ಲೆಂದರಲ್ಲಿ ಅಂಟದಂತೆ ಮೆಂಬ್ರೇನಿನ ಖಾಲಿ ಜಾಗ ಮುಚ್ಚುವುದು, 30 ನಿಮಿಷ. ಹಾಲಿನ ಪುಡಿ ಅಗ್ಗ ಎಂದು ಕೆಲವರು ಹಾಕುತ್ತಾರೆ. ನನಗೆ ಇಷ್ಟವಿಲ್ಲ. ಡಿಗ್ ಬದಲು ಬಯೋಟಿನ್ ಗುರುತು ಹಚ್ಚಿದ ಪ್ರೋಬ್‌ಗಂತೂ ಬೇಡವೇ ಬೇಡ, ಹಾಲಿನಲ್ಲೇ ಬಯೋಟಿನ್ ಇದೆ. ಆಂಟಿಬಾಡಿ ಬಾಟಲಿಯನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಮೇಲಿನ ತಿಳಿಯನ್ನಷ್ಟೇ ತೆಗೆದುಕೊಳ್ಳಿ. ಗಂಟು ಕಟ್ಟಿದ್ದು ಬಿದ್ದರೆ ಮೆಂಬ್ರೇನ್ ತುಂಬ ಚುಕ್ಕಿ. 5000ಕ್ಕೆ 1ರಂತೆ ಬೆರೆಸಿ 30 ನಿಮಿಷ ಬಿಡಿ.

ಇನ್ನು ತಟ್ಟೆ ಬದಲಿಸಿ. ಆಂಟಿಬಾಡಿ ತಟ್ಟೆಯ ಗೋಡೆಗೂ ಅಂಟಿರುತ್ತದೆ. ಟ್ವೀನ್ ಎಂಬ ಸೋಪಿನಂಥದು ಹಾಕಿದ ಮಲೇಯಿಕ್ ಆಸಿಡ್ ಬಫರ್‌ನಲ್ಲಿ 15 ನಿಮಿಷದಂತೆ ಎರಡು ಸಲ, ಮೆಂಬ್ರೇನ್ ಪೂರ್ತಿ ಮುಳುಗಿ ಅಲುಗಾಡುವಷ್ಟು ಸುರಿದು ತೊಳೆಯಿರಿ. ನಾನಾದರೆ ಮೂರನೇ ಸಲವೂ ತೊಳೆಯುತ್ತೇನೆ. ಕೈಗೆ ಸಿಕ್ಕಿತು ಎಂದು ಪಿಬಿಎಸ್ ಎಂಬ ಲ್ಯಾಬಿನ ಮಾಮೂಲಿ ಬಫರ್ ಹಾಕಬೇಡಿ, ಅದರಲ್ಲಿರುವ ಫಾಸ್ಫೇಟ್ ಈ ಕಿಣ್ವವನ್ನು ತಡೆಯುತ್ತದೆ.

ಪಿಎಚ್ 9.5ರ ಬಫರ್‌ನಲ್ಲಿ ಅದ್ದಿ, ಅದೇ ಬಫರ್‌ನಲ್ಲಿ ಎನ್‌ಬಿಟಿ-ಬಿಸಿಐಪಿ (ಕಿಣ್ವ ಇದನ್ನೇ ನೇರಳೆ ಬಣ್ಣವಾಗಿಸುವುದು) ಬೆರೆಸಿ ಹಾಕಿ ಕತ್ತಲಲ್ಲಿಡಿ. ಅಲುಗಾಡಿಸಬೇಡಿ. ಚುಕ್ಕೆ ಮೂಡಿದ ಕೂಡಲೇ ಟಿಇ ಬಫರ್ ಸುರಿದು ನಿಲ್ಲಿಸಿ. ಒದ್ದೆಯಿರುವಾಗಲೇ ಫೋಟೊ ತೆಗೆಯಿರಿ, ಒಣಗಿದರೆ ಬಣ್ಣ ಮಂಕಾಗುತ್ತದೆ.